ತಾಳಬೆಟ್ಟದ ಏರಿನಲ್ಲಿ ಒಂದು ಸೀಟಿ

ತಾಳಬೆಟ್ಟ ದಾಟಿ ಏರು ಶುರುವಾಗುತ್ತಿದ್ದಂತೆ ಲಾರಿ ಮತ್ತೆ ಸೋತಿತು. ಶಿವನಂಜಯ್ಯ ಎರಡನೇ ಗೇರಿಗೆ ಇಳಿಸಿದ, ಆಮೇಲೆ ಒಂದನೆಯದಕ್ಕೆ. ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಎಳೆತವಿಲ್ಲ. ಕನ್ನಡಿಯಲ್ಲಿ ರಸ್ತೆಯೇ ಕಾಣದಷ್ಟು ಕರಿಹೊಗೆ. ಹಿಂದೆ ತುಂಬಾ ಇಟ್ಟಿಗೆ; ಗೋಪಿನಾಥಂನಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರಿಗೆ ಸೇರಬೇಕಾದದ್ದು. ಅವನು ಲಾರಿಯನ್ನು ಎಡಕ್ಕೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಆ ಕಲ್ಲಿನ ಪಕ್ಕದಲ್ಲೇ ಕುಕ್ಕರಿಸಿದ. ಬೈಯುವುದಕ್ಕೂ ಶಕ್ತಿ ಇರಲಿಲ್ಲ.

ಕೊಳ್ಳೇಗಾಲದ ಮೆಕ್ಯಾನಿಕ್ ಮಹದೇವಸ್ವಾಮಿ ಡೀಸೆಲ್ ಫಿಲ್ಟರ್ ಬದಲಿಸಿದ್ದ, ನಾಜಲ್ ಬಿಚ್ಚಿ ತೊಳೆದಿದ್ದ, ಪಂಪನ್ನು ಮೈಸೂರಿಗೆ ಕಳಿಸಿ ಸರಿಮಾಡಿಸಿ ತರಿಸಿದ್ದ. ಶೆಡ್ಡಿನಲ್ಲಿ ನಿಂತಾಗ ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಲೋಡು ಹಾಕಿ ಏರು ಹತ್ತಿಸಿದರೆ ಮಾತ್ರ ಈ ಗೋಳು. "ಏನಾದ್ರೂ ಸದ್ದು ಬತ್ತದಾ ಅಣ್ಣ?" ಎಂದು ಅವನು ಪ್ರತಿ ಸಲವೂ ಕೇಳಿದ್ದ. "ಸದ್ದೇನೂ ಇಲ್ಲ ಕಣ್ಲಾ, ಎಳೀತಿಲ್ಲ ಅಷ್ಟೇ" ಎಂದು ಶಿವನಂಜಯ್ಯ ಪ್ರತಿ ಸಲವೂ ಹೇಳಿದ್ದ.

ಇವತ್ತು ಹೆಂಡತಿ ಪುಟ್ಟಮಲ್ಲಮ್ಮ ಜೊತೆಗಿದ್ದಳು. ಗೋಪಿನಾಥಂಗೆ ಬಸ್ಸು ಅಪರೂಪ. ಅಲ್ಲಿರುವ ತಂಗಿ ಚಿಕ್ಕಮಾದಮ್ಮನನ್ನು ನೋಡಿ ಬರೋಣವೆಂದು ಲಾರಿ ಹತ್ತಿದ್ದಳು. ಕೆಳಗಿಳಿದು ಬಂದು ಗಂಡನ ಮುಂದೆ ನಿಂತಳು.

"ಅದೇನದು ಅಂಗೆ ಕೂಗ್ತಿದ್ದದ್ದು?"

"ಯಾವ್ದು?"

"ಇಂಜಿನ್ನು. ಕುಕ್ಕರು ಸೀಟಿ ಹೊಡಿಯಕ್ಕೆ ಮುಂಚೆ ಸುಯ್ ಅಂತದಲ್ಲ, ಅಂಗೆ. ಹನೂರು ಬುಟ್ಟಾಗಿಂದ ಏರು ಬಂದಾಗೆಲ್ಲ ಕೂಗ್ತಾನೇ ಅದೆ."

"ಹಳೇ ಗಾಡಿ ಕಣಮ್ಮಿ. ನಿಂಗೆ ರೂಢಿ ಇಲ್ಲ."

ಅವಳು ಅವನ ಜೇಬಿನಿಂದ ಫೋನು ತೆಗೆದು ಮಹದೇವಸ್ವಾಮಿಗೆ ಮಾಡಿ, ತಾನು ಕೇಳಿದ್ದನ್ನು ಹೇಳಿದಳು.

ಮಧ್ಯಾಹ್ನದ ಬಿಸಿಲು ಸ್ವಲ್ಪ ಇಳಿದ ಮೇಲೆ ಮಹದೇವಸ್ವಾಮಿ ಬೈಕಿನಲ್ಲಿ ಬಂದ. ಬಾನೆಟ್ ಎತ್ತಲೂ ಇಲ್ಲ; ಕ್ಯಾಬಿನ್ನಿಗೆ ಹತ್ತಿ ಕುಳಿತು, "ಒಂದಿಷ್ಟು ಹತ್ಸಿ ಅಣ್ಣ" ಎಂದ. ಲಾರಿ ನರಳುತ್ತಾ ನಾಲ್ಕು ಮಾರು ಹೋಗುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದ.

"ಇಷ್ಟು ಜೋರಾಗಿ ಕೂಗ್ತಾದೆ. ನಿಮ್ಗೆ ಕೇಳಾಕಿಲ್ವಾ?"

ಶಿವನಂಜಯ್ಯ ಸ್ಟೀರಿಂಗ್ ಹಿಡಿದುಕೊಂಡೇ ಕುಳಿತ. ಗಡಗಡ ಕೇಳುತ್ತಿತ್ತು, ಪಾದದ ಕೆಳಗೆ ನಡುಕ ತಿಳಿಯುತ್ತಿತ್ತು. ಸೀಟಿ ಮಾತ್ರ ಎಲ್ಲೂ ಇರಲಿಲ್ಲ.

ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪು ಅಡಿಯಲ್ಲಿ ಸೀಳಿತ್ತು. ಸುಮ್ಮನೆ ಓಡುವಾಗ ಸೀಳು ಮುಚ್ಚಿಕೊಂಡಿರುತ್ತಿತ್ತು. ಭಾರ ಬಿದ್ದು ಗಾಳಿಯ ಒತ್ತಡ ಏರಿದಾಗ ಬಾಯಿ ಬಿಟ್ಟು ಗಾಳಿಯೆಲ್ಲ ಹೊರಗೆ ನುಗ್ಗುತ್ತಿತ್ತು. ಮಹದೇವಸ್ವಾಮಿ ಹಳೇ ಟ್ಯೂಬಿನ ಪಟ್ಟಿ ಸುತ್ತಿ, ತಂತಿ ಬಿಗಿದ. "ನಿಧಾನಕ್ಕೆ ಓಗಿ. ಬಂದ್ಮೇಲೆ ಹೊಸಾದು ಹಾಕಣ" ಎಂದ. ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು, "ಒಂದ್ಸಾರಿ ಕಿವಿ ತೋರುಸ್ಕಳಿ ಅಣ್ಣ" ಎಂದ. ಪುಟ್ಟಮಲ್ಲಮ್ಮನಿಗೂ ಕೇಳಿಸಿತು. ಅವಳು ಬೇರೆ ಕಡೆ ನೋಡಿದಳು.

ಲಾರಿ ಈಗ ಎಳೆಯಿತು. ಹೊಗೆ ತೆಳುವಾಯಿತು. ತಿರುವುಗಳು ಒಂದೊಂದಾಗಿ ಹಿಂದೆ ಸರಿದವು. ಆದರೆ ಶಿವನಂಜಯ್ಯನಿಗೆ ಸಂತೋಷ ಅನ್ನಿಸಲಿಲ್ಲ. ಮದುವೆಗೂ ಮುಂಚಿನಿಂದ ಇದೇ ಗದ್ದಲದ ಮೇಲೆ ಕುಳಿತವನು. ಈಚೆಗೆ ಮಗಳು ಕುಸುಮ ಫೋನಿನಲ್ಲಿ ಬಾಯೊಳಗೇ ಗೊಣಗುತ್ತಾಳೆಂದು ರೇಗಿದ್ದ. ದಾರಿ ಬಿಡಲಿಲ್ಲವೆಂದು ಕೌದಳ್ಳಿಯ ಹತ್ತಿರ ಬಸ್ಸಿನವನೊಬ್ಬ ಅಡ್ಡ ನಿಲ್ಲಿಸಿ ಜಗಳ ತೆಗೆದಾಗ, ಅವನು ಹಾರನ್ನೇ ಹೊಡೆದಿರಲಿಲ್ಲವೆಂದು ಇವನು ಆಣೆ ಮಾಡಿದ್ದ. ಅದೆಲ್ಲ ಈಗ ಒಟ್ಟಿಗೆ ನೆನಪಾಯಿತು.

"ನಿಂಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಯಾಕೆ ಏಳ್ನಿಲ್ಲ?"

"ಏಳಿದ್ರೆ ಕೇಳ್ತಿದ್ರಾ?" ಎಂದವಳಿಗೆ ತನ್ನ ಮಾತಿಗೆ ತನಗೇ ನಗು ಬಂತು. ಅವನಿಗೂ ಸ್ವಲ್ಪ ಬಂತು. "ಲಾರಿ ಬುಟ್ಬುಡ್ತೀರೇನೋ ಅಂತ ಭಯ ಆಯ್ತು. ಲಾರಿ ಬುಟ್ರೆ ಮನೇಲಿ ಸುಮ್ನೆ ಕೂತಿರೋ ನಿಮ್ಮನ್ನ ಹೆಂಗೆ ನೋಡನ" ಎಂದಳು ಆಮೇಲೆ.

ಸೋಮವಾರ ಚಾಮರಾಜನಗರದ ಆಸ್ಪತ್ರೆಗೆ ಹೋಗೋಣವೆಂದು ಅವಳೇ ನಿಶ್ಚಯಿಸಿದಳು. ಅದುವರೆಗೆ ಒಬ್ಬನೇ ಘಾಟಿ ಹತ್ತುವುದಿಲ್ಲವೆಂದು ಅವನು ಒಪ್ಪಿಕೊಂಡ. "ಹಿಂದೆ ಬಸ್ಸು ಬತ್ತಾ ಅದೆ, ಜಾಗ ಬುಡಿ" ಎಂದು ಅವಳು ಅಂದಾಗಲೆಲ್ಲ ಮಾತಿಲ್ಲದೆ ಎಡಕ್ಕೆ ಸರಿದ.

ಪಾಲಾರ್ ದಾಟಿ ಗೋಪಿನಾಥಂ ತಲುಪುವ ಹೊತ್ತಿಗೆ ಬೆಳಕು ಕಡಿಮೆಯಾಗುತ್ತಿತ್ತು. ಇಟ್ಟಿಗೆ ಇಳಿಸಿ ತಂಗಿಯ ಮನೆಗೆ ಬಂದರು. ಚಿಕ್ಕಮಾದಮ್ಮ ತಟ್ಟೆ ಇಟ್ಟು, ಒಲೆಯ ಕಡೆ ತಿರುಗಿಕೊಂಡೇ ಭಾವನನ್ನು ಏನೋ ಕೇಳಿದಳು. ಅವನು ಹೂಂ ಎಂದು ತಲೆ ಆಡಿಸಹೊರಟು, ತಡೆದುಕೊಂಡ.

"ಇನ್ನೊಂದ್ಸಾರಿ ಏಳವ್ವ," ಎಂದ. "ನಂಗೆ ಕೇಳ್ನಿಲ್ಲ."