ಉಳಿದ ಆರು ಅಂಕಿ

ನೆರಳೊಂದು ಕೀಲಿಮಣೆಯ ಮೇಲೆ ಹಾದುಹೋಯಿತು, ಕಾಗೆ, ಕಾಗೆಯೇ, ಪಾರಿವಾಳದ ನೆರಳು ಇಷ್ಟು ನಿಧಾನ ಹೋಗುವುದಿಲ್ಲ — ಗಂಟೆ ಎರಡೂ ಹತ್ತು, ವಿಜಯವಾಡದಲ್ಲಿ ಪಾರಿವಾಳ ಪಂದ್ಯದ ಬುಟ್ಟಿ ತೆರೆದದ್ದು ಬೆಳಿಗ್ಗೆ ಆರೂ ಹತ್ತಕ್ಕೆ, ಹನ್ನೆರಡರೊಳಗೆ ನನ್ನ ಹೆಣ್ಣು ಹಕ್ಕಿ ರಾಸಾತ್ತಿ ಪುಳಿಯಂತೋಪಿನ ಈ ಮಾಳಿಗೆಗೆ ಇಳಿಯಬೇಕಿತ್ತು, ಅವಳ ಜೋಡಿ, ಮೀಸೆ ಎಂಬ ಗಂಡೂ, ಇಳಿದಿದೆ, ಒಂದಾದರೂ, ತೆರೆಯಲ್ಲಿದೆ ನೋಡು, 11:52, 041500, ಅಷ್ಟೇ, ಹನ್ನೆರಡು ಅಂಕಿಯಲ್ಲಿ ಆರು, ನನ್ನ ಎಲ್ಲ ಹಕ್ಕಿಗಳ ಕಾಲಿನ ರಿಂಗಿನ ಸಂಖ್ಯೆಯೂ ಶುರುವಾಗುವುದು ಈ ಆರರಿಂದಲೇ, ಒಂದೇ ಪೊಟ್ಟಣದಲ್ಲಿ ಕೊಂಡವು. ತಪ್ಪು ನನ್ನದು. ಗೂಡಿನ ಬಾಗಿಲ ಪಟ್ಟಿಯ ಮೇಲೆ ಹಕ್ಕಿ ಕಾಲಿಟ್ಟರೆ ರಿಂಗಿನ ಸಂಖ್ಯೆ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಬರುತ್ತದೆ, ಒಟ್ಟಿಗೆ ಅಲ್ಲ, ಒಂದರ ಹಿಂದೆ ಒಂದು, ನನ್ನ ಪ್ರೋಗ್ರಾಂ ಇಣುಕಿದಾಗ ಆರು ಬಂದಿದ್ದವು, ಹನ್ನೆರಡಿಲ್ಲ, ಹಾಗಾದರೆ ಕಸ ಎಂದಿತು, ಪೋರ್ಟ್ ಖಾಲಿ ಮಾಡಿತು, ಹಿಂದಿನಿಂದ ಬರುತ್ತಿದ್ದ ಆರೂ ಕಸದ ಜೊತೆ ಹೋದವು. ಮೇಜಿನ ಮೇಲೆ ನೂರು ಸಲ ಸರಿಯಾಗಿ ಓದಿತ್ತು, ಅಲ್ಲಿ ರಿಂಗನ್ನು ಕೈಯಲ್ಲಿ ಹಿಡಿದು ಕೂತಿದ್ದೆ, ಒಮ್ಮೆ ತಪ್ಪಿದರೆ ಮತ್ತೊಮ್ಮೆ ಓದುತ್ತಿತ್ತು, ಮನೆ ಮುಟ್ಟಿದ ಹಕ್ಕಿ ಹಾಗೆ ನಿಲ್ಲುತ್ತದೆಯೇ — ಏನಪ್ಪಾ ಮಾಣಿಕ್ಕಂ, ಪಕ್ಕದ ಮಾಳಿಗೆಯಿಂದ ಬಾಷಾ ಭಾಯಿ ಕೂಗುತ್ತಾನೆ, ಹಕ್ಕಿ ಇರೋದು ಗೂಡಲ್ಲೋ ಆ ಡಬ್ಬದಲ್ಲೋ, ಹತ್ತು ಮೆಟ್ಲು ಹತ್ತಿ ನೋಡೋಕಾಗಲ್ವಾ, ನನ್ನವು ಮೂರೂ ಬಂದು ಜೋಳ ತಿಂದು ನಿದ್ದೆ ಹೊಡೀತಾವೆ. ಇರು ಭಾಯಿ, ಮೊದ್ಲು ಇದನ್ನ ಸರಿ ಮಾಡ್ತೀನಿ. ಮಾಡು ಮಾಡು, ಅಷ್ಟರಲ್ಲಿ ಅವು ಮೊಟ್ಟೆ ಇಟ್ಟು ಮರಿ ಮಾಡ್ಲಿ. ನಗಲಿ, ನಾನು ಹೋಗಿ ನೋಡುವವರೆಗೆ ಬಂದದ್ದು ರಾಸಾತ್ತಿಯೇ, ತಾಯಿ ಬಿಟ್ಟ ಮರಿಗೆ ನನ್ನ ಹೆಂಡತಿ ಪೂಂಗೊಡಿ ಕಡಲೆ ನೆನೆಸಿ ಒಂದೊಂದೇ ಕಾಳು ಕೊಕ್ಕಿಗಿಟ್ಟು ಬೆಳೆಸಿದ ರಾಸಾತ್ತಿ, ಪಂದ್ಯಕ್ಕೆ ಮೂರು ದಿನ ಮೊದಲು ಜೋಡಿಯ ನಡುವೆ ಹಲಗೆ ಇಳಿಸುತ್ತೇವೆ, ಅಗಲಿಸಿದರೆ ಗೂಡಿನಲ್ಲಿ ಒಂದನ್ನೊಂದು ಕಾಣುವ ಆಸೆಗೆ ಬೇಗ ಹಾರಿ ಬರುತ್ತವೆ, ಪಾಪ ಕಣ್ರೀ, ಇವತ್ತೊಂದು ದಿನ ಒಟ್ಟಿಗಿರ್ಲಿ, ನಿಮಗೇನ್ ಗೊತ್ತಾಗುತ್ತೆ, ಎನ್ನುತ್ತಿದ್ದಳು ಪ್ರತಿ ಸಲವೂ, ಆಷಾಢದಲ್ಲಿ, ನಮ್ಮ ಆಡಿ ತಿಂಗಳಲ್ಲಿ, ಆಸ್ಪತ್ರೆಗೆ ಹೋದವಳು ಮರಳಲಿಲ್ಲ, ಈ ಸಲ ಹಲಗೆ ಇಳಿಸುವಾಗ ಬೇಡವೆನ್ನಲು ಯಾರೂ ಇರಲಿಲ್ಲ — ಪ್ರೋಗ್ರಾಂ ತಿದ್ದಿ ಬರೆ, ಬಂದಷ್ಟನ್ನು ಇಟ್ಟುಕೋ, ಎಸೆಯಬೇಡ, ಆಮೇಲೆ ಬಂದದ್ದನ್ನು ಅದಕ್ಕೇ ಸೇರಿಸು, ಸಂಖ್ಯೆ ಮುಗಿದ ಗುರುತು ಬರುವವರೆಗೆ ಕಾಯು, ಬಂದ ಮೇಲೆ ಎಣಿಸು. ಎಂಟೇ ಸಾಲು. ಮುಗಿಯಿತು. ಇನ್ನು ನೆಪವಿಲ್ಲ. ಗೂಡಿನ ಮೆಟ್ಟಿಲು ಸುಡುತ್ತಿದೆ, ಅಗುಳಿ ಸುಡುತ್ತಿದೆ, ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳುವ ಮೊದಲೇ ಗುಟುರು ಕೇಳುತ್ತದೆ, ಗಂಡಿನದು. ಮೀಸೆ. ಒಂದೇ. ಕಾಳು ಮುಟ್ಟಿಲ್ಲ, ನೀರು ಮುಟ್ಟಿಲ್ಲ, ಕುತ್ತಿಗೆ ಉಬ್ಬಿಸಿ ಅವಳು ಮೊಟ್ಟೆಯಿಡುವ ಖಾಲಿ ಮಣ್ಣಿನ ಬಟ್ಟಲನ್ನು ಸುತ್ತುತ್ತಾನೆ, ನಿಲ್ಲುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಬಾಗಿಲಲ್ಲಿ ನಾನು, ಮತ್ತೆ ಬಟ್ಟಲು ಸುತ್ತುತ್ತಾನೆ, ನೋಡುತ್ತಾನೆ, ನಾನು, ಮತ್ತೆ ಬಟ್ಟಲು, ಮತ್ತೆ ಬಾಗಿಲು, ಬಾಗಿಲಲ್ಲಿ ನಾನೇ