ಟಾನಿಕ್ಕಿಗೆ ಇಳಿಯದ ತಲೆನೋವು

ಮುಂಗಾರು ಹಿಡಿಯುತ್ತಿದ್ದಂತೆ ಐ.ಡಿ.ಹಳ್ಳಿ ಹತ್ತಿರದ ಒಂದು ಊರಿನ ಕುರಿಗಳಿಗೆ ರಕ್ತ ಹೀರುವ ಉಣುಗು ಹತ್ತಿತು. ಕಂಬಕ್ಕೆ, ಗೋಡೆಗೆ ಮೈ ಉಜ್ಜಿ ಉಜ್ಜಿ ಕುರಿಗಳು ಸೊರಗಿದವು. ಅಲ್ಲಿನ ರೈತ ಓಬಳಪ್ಪ ಕಡಲೆಕಾಯಿ ಹೊಲಕ್ಕೆಂದು ತಂದಿದ್ದ ಹುಳ ಕೊಲ್ಲುವ ಪುಡಿಯನ್ನೇ ತೆಗೆದು ಬರಿಗೈಯಲ್ಲಿ ತನ್ನ ಕುರಿಗಳ ಮೈಗೆಲ್ಲ ಉಜ್ಜಿದ. ಉಣುಗು ಉದುರಿದವು. ಉಳಿದ ಪುಡಿಯನ್ನು ಅಡುಗೆಮನೆಯ ಅಟ್ಟದಲ್ಲಿಟ್ಟ.

ಆ ಕುರಿಗಳ ಉಣ್ಣೆ ಬಿಡಿಸಿ ನೂಲುವವಳು ಅವನ ಹೆಂಡತಿ ಭೀಮಕ್ಕ. ಕಂಬಳಿ ನೇಯುವವರು ಅವಳ ನೂಲಿಗಾಗಿ ಜಗುಲಿಯ ಮೇಲೆ ಕಾದು ಕೂರುತ್ತಿದ್ದರು. ಈ ಸಲ ಉಣ್ಣೆ ಬಿಡಿಸಲು ಕೂತರೆ ಅವಳಿಗೆ ಕಣ್ಣುರಿ, ತಲೆಸಿಡಿತ. ಬರಬರುತ್ತಾ ಪುಡಿಯ ವಾಸನೆ ಬಡಿದರೂ ಸಾಕು, ಎದೆ ಬಿಗಿದು ಕೈ ನಡುಗುತ್ತಿತ್ತು.

“ನಿಶ್ಶಕ್ತಿ ಕಣೇ. ಟಾನಿಕ್ ಕುಡಿದ್ರೆ ಸರಿಹೋಯ್ತದೆ,” ಎಂದ ಓಬಳಪ್ಪ. ಮಧುಗಿರಿಗೆ ಹೋದಾಗಲೆಲ್ಲ ಒಂದು ಬಾಟಲಿ ತಂದ. ಭೀಮಕ್ಕ ಕುಡಿದಳು, ಉಣ್ಣೆ ಬಿಡಿಸಿದಳು, ಮತ್ತೆ ಮಲಗಿದಳು.

ತಮ್ಮನ ಮದುವೆಗೆಂದು ವೈ.ಎನ್.ಹೊಸಕೋಟೆಯ ತೌರಿಗೆ ಹೋದವಳು ಅಲ್ಲಿ ಲವಲವಿಕೆಯಿಂದ ಓಡಾಡಿದಳು. ಹಿಂದಿರುಗಿ ಉಣ್ಣೆ ಮುಟ್ಟಿದ ದಿನವೇ ತಲೆ ಹಿಡಿದುಕೊಂಡಳು.

“ಇಲ್ಕೇಳು, ತೌರಲ್ಲಿ ನಂಗೇನೂ ಆಗ್ಲಿಲ್ಲ. ಆ ಪುಡೀನೇ ನಂಗಾಗ್ತಾ ಇಲ್ಲ.”

“ಕುರಿಗೇ ಏನೂ ಆಗಿಲ್ಲ, ನಿಂಗೆ ಹೆಂಗಾಯ್ತದೆ? ತೌರಿಗೋದ್ರೆ ಆರಾಮು, ಇಲ್ಲಿ ಕಾಯ್ಲೆ. ಕೆಲ್ಸಗಳ್ಳಿ!”

ಭೀಮಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸ್ ಸರೋಜಮ್ಮ ಅವಳ ಕೈ ನಡುಗುವುದನ್ನು ಕಂಡರು. ವಿಚಾರಿಸಿದಾಗ ಪುಡಿಯ ಸಂಗತಿ ತಿಳಿಯಿತು.

“ಓಬಳಪ್ಪ, ಅದು ವಿಷ. ಮೊದ್ಲು ಇವರನ್ನ ಆ ಉಣ್ಣೆಯಿಂದ ದೂರ ಇಡಿ. ಆಸ್ಪತ್ರೆಗೆ ತೋರಿಸಿ.”

“ಟಾನಿಕ್ ಕುಡೀತಾವ್ಳಲ್ಲ ನರ್ಸಮ್ಮ?”

“ತೂತು ಮಡಕೆಗೆ ಎಷ್ಟು ನೀರು ಹುಯ್ದ್ರೇನು? ಟಾನಿಕ್ಕು, ಮಾತ್ರೆ ವಿಷಾನ ತೆಗೆಯಲ್ಲ. ವಿಷ ಮೈಗೆ ಸೇರೋದು ಮೊದ್ಲು ನಿಲ್ಲಬೇಕು. ಆಮೇಲೆ ಸೊಪ್ಪು, ಕಾಳು, ಮೊಟ್ಟೆ, ಹೊಟ್ಟೆ ತುಂಬ ಊಟ. ರಕ್ತ ಕಮ್ಮಿ ಇದ್ರೆ ಡಾಕ್ಟ್ರು ನೋಡಿ ಮಾತ್ರೆ ಕೊಡ್ತಾರೆ.”

“ಒಪ್ಕೊಂಡಿರೋ ನೂಲು ಮುಗೀಲಿ. ಆಮೇಲೆ ಕರ್ಕೊಂಡೋಗ್ತೀನಿ ಬುಡಿ.”

ಆ ನೂಲು ಮುಗಿಯಲಿಲ್ಲ. ಭೀಮಕ್ಕ ರಾಟೆಯ ಮುಂದೆಯೇ ಬಿದ್ದಳು, ಕೈಕಾಲು ಸೆಟೆದುಕೊಂಡವು. ಗಾಡಿ ಕಟ್ಟಿ, ಬಸ್ಸು ಹಿಡಿದು ಮಧುಗಿರಿಯ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು.

ನೋಡಲು ಬಂದ ಸರೋಜಮ್ಮನ ಮುಂದೆ ಓಬಳಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. “ಅವ್ಳು ಯೋಳಿದ್ಲು ಕಣಮ್ಮ. ತೌರಿಂದ ಬಂದ ದಿನಾನೇ ಯೋಳಿದ್ಲು. ಕೆಲ್ಸಗಳ್ಳಿ ಅಂದ್ಬುಟ್ಟೆ.”

ಸರೋಜಮ್ಮ ಅವನ ಪಕ್ಕದಲ್ಲಿ ಕೂತರು.

ಓಬಳಪ್ಪ ಅಟ್ಟದ ಪುಡಿಯನ್ನು ಮನೆಯಿಂದಾಚೆ ಸಾಗಿಸಿದ. ದನದ ಆಸ್ಪತ್ರೆಯಲ್ಲಿ ಕೇಳಿ ಕುರಿಗೆ ಬೇರೆ ಔಷಧಿ ತಂದ. ಹೆಂಡತಿಯ ತಟ್ಟೆಗೆ ತಾನೇ ಮೊಟ್ಟೆ ಬಡಿಸಿದ. ಭೀಮಕ್ಕನ ಮುಖದಲ್ಲಿ ನಿಧಾನವಾಗಿ ಕಳೆ ಬಂತು. ಆದರೆ ಯಾರದೋ ಹೊಲದಲ್ಲಿ ಪುಡಿ ಎರಚಿದರೂ ಅವಳ ಎದೆ ಬಿಗಿಯುತ್ತದೆ. ಬೆರಳುಗಳ ಹಿಡಿತ ಮೊದಲಿನಂತೆ ಆಗಲೇ ಇಲ್ಲ. ಅಂಥ ನೂಲು ಆ ಊರಲ್ಲಿ ಮತ್ತೆ ಹುಟ್ಟಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹೊಲದ ಔಷಧಿಯನ್ನು ಕುರಿಗಾಗಲಿ ತಲೆಯ ಹೇನಿಗಾಗಲಿ ಹಚ್ಚಬೇಡಿ. ಅಡುಗೆಮನೆಗೆ ತರಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಒಳ್ಳೆಯ ಊಟ, ಡಾಕ್ಟರು ಕೊಟ್ಟ ಮಾತ್ರೆ ಮೈಗೆ ಬಲ ಕೊಡುತ್ತವೆ, ನಿಜ. ಆದರೆ ವಿಷವನ್ನು ಮನೆಯಲ್ಲಿಟ್ಟುಕೊಂಡು ಟಾನಿಕ್ ಕುಡಿದರೆ ಫಲವಿಲ್ಲ. ನಿಮ್ಮ ಮನೆಯವರು “ಇದು ನನಗಾಗ್ತಾ ಇಲ್ಲ” ಎಂದರೆ, ಮೊದಲ ಸಲ ಹೇಳಿದಾಗಲೇ ನಂಬಿ.