ಕಣ್ಣು ಮುಚ್ಚಿ ಆಡಿದ ಜಗಳ

ಗಾದಿಗನೂರಿನ ನಮ್ಮ ಸಭೆಯಲ್ಲಿ ಇನ್ನು ಮುಂದೆ ಯಾರೂ ನಗಕೂಡದು ಎಂದು ಅಪ್ಪಣೆ ಹೊರಡಿಸಿದವನು ನಾನೇ. ಹದಿನೆಂಟು ವರ್ಷದಿಂದ ಅಲ್ಲಿ ಉಪದೇಶಿಯಾಗಿದ್ದೇನೆ. ಪಾಸ್ಟರು ಹೊಸಪೇಟೆಯಿಂದ ತಿಂಗಳಿಗೊಮ್ಮೆ ಬಂದು ಕರ್ತನ ಭೋಜನ ಕೊಟ್ಟು ಹೋಗುತ್ತಾರೆ. ಉಳಿದ ವಾರಗಳಲ್ಲಿ ವಾಕ್ಯ ಹೇಳುವುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುವುದು, ಮೈಕಿನ ವೈರು ಕಡಿಯುವ ಇಲಿಯನ್ನು ಓಡಿಸುವುದು ನನ್ನ ಪಾಲಿನ ಸೇವೆ.

ಅಪ್ಪಣೆಗೆ ಕಾರಣ ಭರಮಮ್ಮನ ತೇಗು.

ಸಭೆಯ ವಾರ್ಷಿಕೋತ್ಸವದ ದಿನ ಆಕೆ ಸಾಕ್ಷಿ ಹೇಳಲು ಎದ್ದಳು. ಮಗನ ಜ್ವರ ಇಳಿಯಲೆಂದು ಹಿಂದಿನ ವಾರ ಮೂರು ದಿನ ಬರೀ ನೀರಿನ ಮೇಲೆ ಉಪವಾಸವಿದ್ದದ್ದನ್ನೂ ಕರ್ತನು ಕೇಳಿದ್ದನ್ನೂ ಹೇಳುತ್ತಿದ್ದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಮೂರು ದಿನ, ಒಂದು ಅಗುಳು ಅನ್ನ ಸೈತ..." ಎನ್ನುವಷ್ಟರಲ್ಲಿ ಒಳಗಿನಿಂದ ಅದು ಎದ್ದುಬಂತು. ಮೈಕು ತುಟಿಗೆ ಅಂಟಿಕೊಂಡಿತ್ತು. ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಹಾರ್ನ್ ಸ್ಪೀಕರು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಸಂಡೂರು ಬಸ್ಸಿಗೆ ಕಾಯುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರಂತೆ.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಜಂಬವ್ವನ ದನಿ ಕೇಳಿಸಿತು: "ಉಪಾಸದ ತೇಗೇ ಇಷ್ಟಿದ್ರ, ಉಂಡಿದ್ರ ಮ್ಯಾಲಿನ ಶೀಟ್ ಹಾರಿ ಹೋಗ್ತಿದ್ವಲ್ಲೇ!"

ಹೇಳಿ ತಾನೇ ನಕ್ಕಳು. ಜಂಬವ್ವನ ನಗು ಒಬ್ಬರಿಗೆ ಹತ್ತಿ ನಿಲ್ಲುವಂಥದ್ದಲ್ಲ. ಇಡೀ ಸಭೆ ನಕ್ಕಿತು. ಬಂದಿದ್ದ ಪಾಸ್ಟರು ಸಂಗೀತದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಭರಮಮ್ಮ ಮೈಕನ್ನು ನನ್ನ ಕೈಗೆ ತುರುಕಿ ಹೊರಗೆ ನಡೆದಳು.

ಅವರಿಬ್ಬರೂ ಒಂದೇ ವರ್ಷ ಸೊಸೆಯರಾಗಿ ಊರಿಗೆ ಬಂದವರು. ಒಂದೇ ಲಾರಿಯಲ್ಲಿ ಸಂಡೂರಿನ ಗಣಿಗೆ ಕೂಲಿಗೆ ಹೋದವರು, ಒಂದೇ ಭಾನುವಾರ ದೀಕ್ಷಾಸ್ನಾನ ಪಡೆದವರು. ಇಬ್ಬರ ಮನೆಗೂ ನಡುವಿನ ಗೋಡೆ ಒಂದೇ. ಅಂಥವರ ನಡುವೆ ಮಾತು ನಿಂತು ಎಂಟು ತಿಂಗಳಾಯಿತು. ರೊಟ್ಟಿ ಸುಟ್ಟ ದಿನ ಭರಮಮ್ಮ ಎರಡು ರೊಟ್ಟಿಯನ್ನು ಗೋಡೆಯ ಮೇಲಿಟ್ಟು ಕೆಮ್ಮುತ್ತಿದ್ದಳು. ಜಂಬವ್ವ ತಟ್ಟೆ ತೊಳೆದು ಅಲ್ಲೇ ಇಟ್ಟು ಕೆಮ್ಮುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಸಂಭಾಷಣೆ ಇರಲಿಲ್ಲ.

ನಾನು ಇದನ್ನೆಲ್ಲ ನಗುವಿನ ಪಾಪದ ಫಲವೆಂದೇ ತಿಳಿದು, ಬೈಬಲಿನಲ್ಲಿ ಕರ್ತನು ಅತ್ತನೆಂದು ಬರೆದಿದೆ, ನಕ್ಕನೆಂದು ಎಲ್ಲೂ ಇಲ್ಲ ಎಂದು ನಾಲ್ಕು ಭಾನುವಾರ ಪ್ರಸಂಗ ಮಾಡಿದೆ. ಐದನೆಯ ಭಾನುವಾರ ಜಂಬವ್ವ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದಳು.

"ಉಪದೇಶಿಯವರ, ಕಾನಾ ಊರಿನ ಮದುವಿಗೆ ಹೋಗಿದ್ನಲ್ರೀ ನಮ್ಮ ಕರ್ತ. ಅಲ್ಲಿ ಬೀಗರ ನಡುವ ಮಕ ಗಂಟ್ ಹಾಕ್ಕೊಂಡು ಕುಂತಿದ್ನೇನು? ಹಂಗ ಕುಂತವ್ರನ್ನ ಯಾರ ಕರೀತಾರ್ರಿ ಮದುವಿಗೆ?"

ನಾನು ಗಡಿಯಾರ ನೋಡಿಕೊಂಡು ಹೊರಟೆ.

ಈಸ್ಟರಿಗೆ ಮುಂಚಿನ ಲೆಂಟಿನ ಉಪವಾಸದ ದಿನಗಳಲ್ಲಿ ಜಂಬವ್ವನ ಮೊಮ್ಮಗಳು ಸ್ನೇಹಾ ಬಂದು ಕರೆದಳು. ಅಜ್ಜಿಗೆ ಮರುದಿನ ಹೊಸಪೇಟೆಯಲ್ಲಿ ಮೊಣಕಾಲಿನ ಆಪರೇಷನ್ನು, ಬೆಳಿಗ್ಗೆ ಆರಕ್ಕೆ ಆಟೋ. ಹೋದಾಗ ಜಂಬವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖದಲ್ಲಿ ಅವಳ ಎಂದಿನ ಕಳೆ ಇರಲಿಲ್ಲ.

"ಸಾಯಾಕ ಅಂಜಿಕಿಲ್ರೀ ನನಗ," ಎಂದಳು. "ಆದ್ರ ಆಕಿ ನನ್ನ ಕೂಡ ಒಂದ್ ಮಾತು ಆಡದ, ನಾ ಆ ಟೇಬಲ್ ಮ್ಯಾಗ ಮಲಗಂಗಿಲ್ಲ. ಅಲ್ಲೇ ಏನಾರ ಆಗಿಬಿಟ್ರ? ಮ್ಯಾಲ ಹೋಗಿ ಆತಗ ಏನಂತ ಹೇಳ್ಲಿ? ಆಟೋ ಬ್ಯಾಡ ಅಂತ ಹೇಳ್ರಿ."

"ಅಜ್ಜಿ, ಮೂರು ತಿಂಗ್ಳು ಕಾದು ಡೇಟ್ ತಗೊಂಡೀವಿ!" ಎಂದಳು ಸ್ನೇಹಾ.

"ಡೇಟ್ ನೀ ತಗೊಂಡಿದ್ದು. ನೀನ ಹೋಗಿ ಮಲಕ್ಕೋ."

ಸಂಜೆ ಅಲ್ಲೇ ಪ್ರಾರ್ಥನೆ ಇಟ್ಟುಕೊಳ್ಳೋಣ ಎಂದೆ. ಕಾಯಿಲೆಯವರ ಪ್ರಾರ್ಥನೆಗೆ ಬಾರದಿರುವುದು ನಮ್ಮಲ್ಲಿ ದೊಡ್ಡ ಅಪವಾದ. ಭರಮಮ್ಮ ಬಂದಳು. ಹೊಸ್ತಿಲಿನ ಪಕ್ಕ, ಚಪ್ಪಲಿ ಕಣ್ಣಿಗೆ ಕಾಣುವಂತೆ ಕೂತಳು.

ಹಾಡು ಮುಗಿಯಿತು. ಎಲ್ಲರೂ ಕಣ್ಣು ಮುಚ್ಚಿದೆವು. ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಪ್ರಾರ್ಥಿಸುವುದು ನಮ್ಮ ಪದ್ಧತಿ. ಪ್ರಾರ್ಥಿಸುವವರನ್ನು ಯಾರೂ ತಡೆಯುವಂತಿಲ್ಲ, ನಡುವೆ ಕಣ್ಣು ತೆರೆಯುವಂತಿಲ್ಲ. ಭರಮಮ್ಮನ ಸರದಿ ಬಂತು.

"ಕರ್ತನೇ, ನಿನ್ನ ತಾಳ್ಮಿ ಭಾಳ ದೊಡ್ಡದು. ನಿನ್ನ ಸನ್ನಿಧಿಯಾಗ ಹಲ್ಲು ಕಿಸಿಯೋರನ್ನೂ ಕಾಪಾಡ್ತಿ. ನನಗ ಅಷ್ಟು ತಾಳ್ಮಿ ಕೊಟ್ಟಿಲ್ಲ ನೀನು."

"ಆಮೆನ್," ಎಂದ ಮೂಲೆಯಲ್ಲಿದ್ದ ಮುದುಕ ಪಕ್ಕೀರಪ್ಪ, ಅಭ್ಯಾಸಬಲದಿಂದ.

ಹೊರಸಿನ ಕಡೆಯಿಂದ ಇನ್ನೊಂದು ಪ್ರಾರ್ಥನೆ ಎದ್ದಿತು. "ಕರ್ತನೇ, ನಕ್ಕಿದ್ದು ನನ್ನ ತಪ್ಪು. ಆಕಿ ಉಪಾಸ ಖರೇನ. ಮೂರು ದಿನ ಆಕಿ ಒಲಿ ಹೊಗಿ ಗ್ವಾಡಿ ದಾಟಿ ಬರಲಿಲ್ಲ, ನಾನ ಸಾಕ್ಷಿ. ಆದ್ರ ತೇಗು ದೊಡ್ಡದಿತ್ತು. ಅದಕ್ಕ ನೀನ ಸಾಕ್ಷಿ."

"ಕರ್ತನೇ, ಅದು ಸೋಡಾದ ತೇಗು! ಉಪಾಸ ಮುಗದು ವಾರ ಆಗಿತ್ತು. ಮೈಕ್ ಮುಂದ ಅಂಜಬ್ಯಾಡ, ಕುಡಿ ಅಂತ ಉಪದೇಶಿಯವರೇ ಕೊಡಿಸಿದ್ರು. ಎಂಟು ತಿಂಗ್ಳಾತು, ಅವರೂ ಬಾಯಿ ಬಿಡವಲ್ರು."

ನನ್ನ ಕಿವಿ ಬಿಸಿಯಾಯಿತು. ಸೋಡಾ ಕೊಡಿಸಿದ್ದು ನಿಜ. ನಾಲ್ಕು ಪ್ರಸಂಗಗಳಲ್ಲಿ ಅದೊಂದು ನೆನಪಾಗಿರಲಿಲ್ಲ. ತಡೆಯೋಣವೆಂದರೆ ನಾನೇ ಕಣ್ಣು ತೆರೆಯಬೇಕಾಗುತ್ತಿತ್ತು. "ಆಮೆನ್," ಎಂದ ಪಕ್ಕೀರಪ್ಪ.

ಭರಮಮ್ಮನ ದನಿ ಸ್ವಲ್ಪ ಇಳಿಯಿತು. "ಇರಲಿ ಕರ್ತನೇ. ನಾಳೆ ಆಕಿ ಎಡಗಾಲು ಕೊಯ್ತಾರಂತ. ಆ ಎಡಗಾಲಿನ ಮ್ಯಾಲ ನಿನ್ನ ಕೈ ಇಡು. ಗಣಿಯಾಗ ಕಲ್ಲು ಹೊತ್ತ ಎಡಗಾಲು ಅದು."

"ಬಲಗಾಲು ಅಂತ ಹೇಳು ಕರ್ತನೇ ಆಕಿಗೆ."

"ಎಡಗಾಲೇ ಕರ್ತನೇ. ನಾನ ಎಣ್ಣಿ ತಿಕ್ಕೀನಿ, ನನಗ ಗೊತ್ತಿಲ್ಲೇನು?"

"ಅದು ಹೋದ ವರ್ಸದ ಮಾತು ಕರ್ತನೇ! ಎಡದ್ದರ ನೋವು ತಾನ ಇಳೀತು, ದಸರಾದಿಂದ ಬಲದ್ದು ಹಿಡದೈತಿ. ಆಕಿ ತಪ್ಪು ಕಾಲು ಹೇಳಿ, ನೀನು ತಪ್ಪು ಕಾಲಿನ ಮ್ಯಾಲ ಕೈ ಇಟ್ಟು, ಡಾಕ್ಟ್ರು ಇನ್ನೊಂದು ಕೊಯ್ದ್ರ ನನ್ನ ಗತಿ ಏನು?"

ಆಗ ಯಾರೋ ಮೂಗಿನಲ್ಲಿ ಕುದುರೆಯಂತೆ ಸದ್ದು ಮಾಡಿದರು. ಯಾರದೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನಾನೇ. ತಡೆಯಲು ಹೋದಷ್ಟೂ ಅದು ಹೊಟ್ಟೆಯಿಂದ ಉಕ್ಕಿ ಬಂತು. ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕೆ. ಹದಿನೆಂಟು ವರ್ಷದ ಗಾಂಭೀರ್ಯವೆಲ್ಲ ಹೋಯಿತು. ಅದು ಹೋದ ಜಾಗದಲ್ಲಿ ಒಂದು ಬಗೆಯ ತಣ್ಣನೆಯ ಗಾಳಿ ಆಡಿದಂತಾಯಿತು. ಕರ್ತನು ಆ ಕೋಣೆಯಲ್ಲಿ ಇದ್ದಾನೆಂದು ಅಂದಿನಷ್ಟು ಸ್ಪಷ್ಟವಾಗಿ ನನಗೆ ಎಂದೂ ಅನ್ನಿಸಿರಲಿಲ್ಲ.

ಎಲ್ಲರೂ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ, ಉಸಿರು ಬಿಗಿಹಿಡಿದು ಭರಮಮ್ಮನನ್ನು ನೋಡಿದರು. ಆಕೆ ನೆಲಕ್ಕೆ ಕೈಯೂರಿ ಎದ್ದಳು. ಜಂಬವ್ವ ಮುಖವನ್ನು ಗೋಡೆಗೆ ತಿರುಗಿಸಿದಳು. ಚಪ್ಪಲಿ ಹೊಸ್ತಿಲಾಚೆ ಒಂದು ಹೆಜ್ಜೆ ದೂರದಲ್ಲಿತ್ತು.

ಭರಮಮ್ಮ ಹೊರಸಿನ ಹತ್ತಿರ ಹೋದಳು.

"ದಸರಾದಿಂದ ಹಿಡದೈತಿ ಅಂತಿ. ನನಗ ಯಾಕ ಹೇಳ್ಲಿಲ್ಲಲೇ?"

"ಹ್ಯಾಂಗ ಹೇಳ್ಲಿ? ಕೆಮ್ಮಿ ಹೇಳ್ಬೇಕಿತ್ತೇನು?"

"ಗ್ವಾಡಿ ಬಡಿಬೇಕಿತ್ತು! ನಾ ಇಷ್ಟು ದಿನ ರಾತ್ರಿ ಎಡಗಾಲಿಗೇ ಪ್ರಾರ್ಥನಿ ಮಾಡೀನಿ, ದಂಡ ಆತು ಎಲ್ಲಾ." ಆಕೆ ಜಂಬವ್ವನ ಸೀರೆ ಸರಿಸಿ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. "ಇದ ಏನು?"

"ಅಲ್ಲಲೇ, ಅದರ ಮಗ್ಗಲಿಂದು."

ಭರಮಮ್ಮ ತನ್ನ ಕೈಯಲ್ಲಿದ್ದ ಎಡಗಾಲನ್ನು ನೋಡಿದಳು. ತುಟಿ ಕಚ್ಚಿದಳು. ಆಮೇಲೆ ಹೊರಸಿನ ಮೇಲೆ ಕುಸಿದು ಕೂತು, ಮೈಯೆಲ್ಲ ಕುಲುಕಾಡುವಂತೆ ನಕ್ಕಳು. ಜಂಬವ್ವ ಅವಳ ಹೆಗಲು ಹಿಡಿದು ನಕ್ಕಳು. ಹೊರಸು ಕಿರುಗುಟ್ಟಿತು. ಪಕ್ಕೀರಪ್ಪ ಯಾವುದಕ್ಕೂ ಇರಲಿ ಎಂದು ಇನ್ನೊಂದು ಆಮೆನ್ ಹೇಳಿದ.

"ಸ್ನೇಹಾ, ಪೆನ್ ತಗೊಂಬಾ ಜಲ್ದಿ. ದಪ್ಪಂದು," ಎಂದಳು ಭರಮಮ್ಮ, ಕಣ್ಣೊರೆಸಿಕೊಂಡು. ಹುಡುಗಿ ತಂದುಕೊಟ್ಟ ಸ್ಕೆಚ್ ಪೆನ್ನಿನಿಂದ ಬಲ ಮೊಣಕಾಲಿನ ಮೇಲೆ ದೊಡ್ಡದೊಂದು ಶಿಲುಬೆ ಬರೆದಳು. ಎಡದ ಮೇಲೆ 'ಇದಲ್ಲ' ಎಂದು ಬರೆದಳು.

"ಏನ್ ಮಾಡ್ತೀಯಲೇ? ಡಾಕ್ಟ್ರು ನೋಡಿ ನಗ್ತಾರ!"

"ನಗಲಿ ಬಿಡು," ಎಂದಳು ಭರಮಮ್ಮ, ಪೆನ್ನಿನ ಮುಚ್ಚಳ ಹಾಕುತ್ತ. "ಮುಂಜಾನಿ ನಾನೂ ಬರ್ತೀನಿ ಆಟೋದಾಗ. ನಿನ್ನ ಕಾಲು ಚಾಚಾಕ ಜಾಗ ಬಿಟ್ಟು ಕುಂದ್ರತೀನಿ."